ಆಕಾಶದ ಕಣ್ಣು, ನೆಲದ ಗುರುತು

ವಿದ್ಯಾರ್ಥಿಗಳೇ, ಭೂಗೋಳದ ಪುಸ್ತಕದಲ್ಲಿ ಅಂಟಾರ್ಕ್ಟಿಕ ಖಂಡದ ನಕ್ಷೆಯನ್ನು ನೀವು ನೋಡಿದ್ದೀರಿ. ಸುಮಾರು 1 ಕೋಟಿ 40 ಲಕ್ಷ ಚದರ ಕಿಲೋಮೀಟರ್ ವಿಸ್ತಾರವಾದ ಆ ಹಿಮಖಂಡದಲ್ಲಿ ಹಳ್ಳಿಗಳಿಲ್ಲ, ದಾರಿಗಳಿಲ್ಲ. ಸರಪಳಿ ಹಿಡಿದ ಮೋಜಣಿದಾರನು ಅದನ್ನೆಲ್ಲ ನಡೆದು ಅಳೆಯುವುದು ಸಾಧ್ಯವೇ? ಅಲ್ಲಿ ನೆರವಿಗೆ ಬಂದವರು ವಿಮಾನದಲ್ಲಿ ಕ್ಯಾಮೆರಾದೊಡನೆ ಕುಳಿತ ನೌಕಾದಳದ ಛಾಯಾಗ್ರಾಹಕರು.

1946-47ರಲ್ಲಿ ಅಮೆರಿಕದ ನೌಕಾದಳವು ‘ಹೈಜಂಪ್’ ಎಂಬ ಕಾರ್ಯಾಚರಣೆಯನ್ನು ನಡೆಸಿತು. ಅದರಲ್ಲಿ 13 ಹಡಗುಗಳೂ ಸುಮಾರು 4,700 ಜನರೂ ಇದ್ದರು. ಚಿತ್ರ ತೆಗೆಯುವ ವಿಮಾನದಲ್ಲಿ ಮೂರು ಕ್ಯಾಮೆರಾಗಳು: ಒಂದು ನೇರ ಕೆಳಕ್ಕೆ, ಎರಡು ಎಡಬಲಕ್ಕೆ ಓರೆಯಾಗಿ. ಹೀಗಾಗಿ ಒಂದು ದಿಗಂತದಿಂದ ಇನ್ನೊಂದು ದಿಗಂತದವರೆಗಿನ ನೆಲವೆಲ್ಲ ಚಿತ್ರದಲ್ಲಿ ಮೂಡುತ್ತಿತ್ತು. ಒಟ್ಟು ಸುಮಾರು 70,000 ಚಿತ್ರಗಳು ದೊರೆತವು.

ಈ ಕೆಲಸ ಸುಲಭವಾಗಿರಲಿಲ್ಲ. 1946ರ ಡಿಸೆಂಬರ್ 30ರಂದು ಒಂಬತ್ತು ಜನರಿದ್ದ ವಿಮಾನವೊಂದು ಹಿಮದ ಮಬ್ಬಿನಲ್ಲಿ ನೆಲಕ್ಕಪ್ಪಳಿಸಿತು. ಮೂವರು ಮಡಿದರು. ಛಾಯಾಗ್ರಾಹಕ ಓವೆನ್ ಮೆಕಾರ್ಟಿಯೂ ಸೇರಿ ಉಳಿದ ಆರು ಜನ ಹದಿಮೂರು ದಿನ ಹಿಮದಲ್ಲಿ ಕಳೆದು ಪಾರಾದರು. ಅವರು ಬಿದ್ದ ಥರ್ಸ್ಟನ್ ಎಂಬ ಜಾಗವನ್ನು ಆಗ ಪರ್ಯಾಯ ದ್ವೀಪವೆಂದೇ ಬಗೆದಿದ್ದರು. ಅದು ದ್ವೀಪವೆಂದು ತಿಳಿದದ್ದು 1960ರಲ್ಲಿ!

ಅಷ್ಟೊಂದು ಚಿತ್ರಗಳಿದ್ದರೂ ನಕ್ಷೆ ಏಕೆ ತಪ್ಪುತ್ತದೆ? ಒಂದು ಲೆಕ್ಕ ಮಾಡೋಣ. ಮಸೂರದ ನಾಭಿದೂರವನ್ನು ನೆಲದಿಂದ ವಿಮಾನಕ್ಕಿರುವ ಎತ್ತರದಿಂದ ಭಾಗಿಸಿದರೆ ಚಿತ್ರದ ಅಳತೆ ಪ್ರಮಾಣ ಸಿಗುತ್ತದೆ. ನಾಭಿದೂರ 6 ಅಂಗುಲ, ಅಂದರೆ ಅರ್ಧ ಅಡಿ ಎನ್ನಿ. ವಿಮಾನವು ಸಮುದ್ರಮಟ್ಟದಿಂದ 20,000 ಅಡಿ ಮೇಲೆ ನಮ್ಮ ನೀಲಗಿರಿಯನ್ನು ದಾಟುತ್ತಿದೆ. ಮಸಿನಗುಡಿಯ ಎತ್ತರ ಸುಮಾರು 3,000 ಅಡಿ; ಅಲ್ಲಿಂದ ವಿಮಾನಕ್ಕೆ 17,000 ಅಡಿ. ಆದ್ದರಿಂದ ಪ್ರಮಾಣ 1:34,000. ದೊಡ್ಡಬೆಟ್ಟದ ತುದಿಯ ಎತ್ತರ ಸುಮಾರು 8,650 ಅಡಿ. ಅಲ್ಲಿಂದ ವಿಮಾನಕ್ಕೆ 11,350 ಅಡಿ. ಪ್ರಮಾಣ 1:22,700. ಒಂದೇ ಉದ್ದದ ಎರಡು ಕಟ್ಟಡಗಳಲ್ಲಿ ದೊಡ್ಡಬೆಟ್ಟದ್ದು ಮಸಿನಗುಡಿಯದಕ್ಕಿಂತ ಒಂದೂವರೆ ಪಟ್ಟು ಉದ್ದವಾಗಿ ಕಾಣುತ್ತದೆ! ಆದುದರಿಂದ ನೆಲದ ಮೇಲೆ ಕೆಲವು ಬಿಂದುಗಳ ಸ್ಥಾನವನ್ನೂ ಎತ್ತರವನ್ನೂ ಸರಿಯಾಗಿ ಅಳೆದ ಮೇಲೆಯೇ ಚಿತ್ರ ನಕ್ಷೆಯಾಗುತ್ತದೆ.

ಹೈಜಂಪಿನ ಚಿತ್ರಗಳಿಗೆ ಇಂಥ ಬಿಂದುಗಳ ಕೊರತೆಯಿತ್ತು. ಅದನ್ನು ತುಂಬಲು 1947-48ರಲ್ಲಿ ‘ವಿಂಡ್‌ಮಿಲ್’ ಎಂಬ ಇನ್ನೊಂದು ತಂಡ ಹೆಲಿಕಾಪ್ಟರುಗಳಿಂದ ನೆಲಕ್ಕಿಳಿದು ಅಳೆಯಬೇಕಾಯಿತು. ಅದಕ್ಕೂ ಹಿಂದೆ, 1938-39ರ ಜರ್ಮನ್ ತಂಡ ಸುಮಾರು 11,000 ಚಿತ್ರಗಳನ್ನು ತೆಗೆದಿದ್ದರೂ, ನೆಲದ ಬಿಂದುಗಳಿಲ್ಲದೆ ಅದರ ನಕ್ಷೆಯಲ್ಲಿ ಬೆಟ್ಟಗಳು ಸ್ಥಳ ತಪ್ಪಿದವು. ಆ ತಂಡವು ವಿಮಾನದಿಂದ ಕಂಡ ಹಿಮವಿಲ್ಲದ ಕಲ್ಲುನೆಲಕ್ಕೆ ವಿಮಾನ ಚಾಲಕನ ಹೆಸರಿನಿಂದ ಶಿರ್ಮಾಕರ್ ಎಂದು ಕರೆಯುತ್ತಾರೆ. ನಮ್ಮ ಭಾರತದ ‘ಮೈತ್ರಿ’ ಸಂಶೋಧನಾ ನಿಲ್ದಾಣವು 1989ರಿಂದ ಇರುವುದು ಅಲ್ಲಿಯೇ.

ಧ್ರುವದ ಈ ಪಾಠ ಮಾವನಲ್ಲಕ್ಕೇಕೆ ಎಂದು ಕೇಳುವಿರಾ? ಸೀಗೂರು ಪ್ರಸ್ಥಭೂಮಿಯ ಆನೆದಾರಿಯ ಬಗ್ಗೆ 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿತು. ನಕ್ಷೆಯ ಒಂದು ಗೆರೆಗೆ ಎಷ್ಟು ತೂಕವಿದೆಯೆಂದು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಇಂದು ಉಪಗ್ರಹಗಳು ಚಿತ್ರ ತೆಗೆಯುತ್ತವೆ. ಆದರೆ ಯಾವ ಹಳ್ಳಕ್ಕೆ ಯಾವ ಹೆಸರು, ಯಾವ ಕಾಲುದಾರಿ ಯಾರದು, ಆನೆ ಎಲ್ಲಿ ಹಾಯುತ್ತದೆ ಎಂಬುದನ್ನು ನೆಲದಲ್ಲಿ ಬಾಳುವವರೇ ಹೇಳಬೇಕು. ಗೆರೆಯನ್ನು ಓದಲು ಬಲ್ಲವನು ಮಾತ್ರ ಅದು ಸರಿಯೋ ತಪ್ಪೋ ಎಂದು ಕೇಳಬಲ್ಲನು.

ಅಭ್ಯಾಸ: ನಿಮ್ಮ ಬೀದಿಯಲ್ಲಿ ಕದಲದ ಮೂರು ಗುರುತುಗಳನ್ನು ಆರಿಸಿ. ಅವುಗಳ ನಡುವಿನ ದೂರವನ್ನು ಹೆಜ್ಜೆಯಿಂದ ಅಳೆದು, ನೂರು ಹೆಜ್ಜೆಗೆ ಒಂದು ಅಂಗುಲದಂತೆ ನಕ್ಷೆ ಬರೆಯಿರಿ. ತಂದೆತಾಯಿಗಳೂ ಅಜ್ಜ ಅಜ್ಜಿಯರೂ ಹತ್ತಿರ ಕುಳಿತು ಹಳ್ಳ, ದಿಣ್ಣೆ, ದಾರಿಗಳ ಹೆಸರುಗಳನ್ನು ಹೇಳಿ ಬರೆಯಿಸಲಿ.