ಒರೆಸಿದರೂ ಮತ್ತೆ ಬರುವ ಗೆದ್ದಲು

ಪ್ರಶ್ನೆ: ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆ. ಮಣ್ಣು ಒರೆಸಿ ಸೀಮೆಎಣ್ಣೆ ಹಚ್ಚಿದರೆ ಕೆಲವು ದಿನ ಇರುವುದಿಲ್ಲ, ಮತ್ತೆ ಬರುತ್ತದೆ. ಮಂಚದ ಕೆಳಗೂ ಹಿಟ್ಟಿನಂಥ ಪುಡಿ ಬೀಳುತ್ತಿದೆ. ಶಾಶ್ವತ ಪರಿಹಾರವೇನು?

ಉತ್ತರ: ಎರಡನ್ನೂ ಗಮನಿಸಿ ಕೇಳಿದ್ದು ಒಳ್ಳೆಯದಾಯಿತು. ಒರೆಸಿದ ಗೆದ್ದಲು ಏಕೆ ಮರಳುತ್ತದೆ ಎಂಬುದು ಅನೇಕರ ಸಂದೇಹ.

ಮೊದಲು ಕಾರಣ. ನೀವು ಚೌಕಟ್ಟಿನಲ್ಲಿ ಕಾಣುವುದು ಮೇವಿಗೆ ಬಂದ ಕೆಲಸಗಾರ ಹುಳುಗಳನ್ನು ಮಾತ್ರ. ಗೂಡು ಮಣ್ಣಿನೊಳಗಿರುತ್ತದೆ. ಅಲ್ಲಿ ರಾಣಿ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಗೆದ್ದಲಿನ ಮೈ ಬಹಳ ಮೆದು, ಒಣ ಗಾಳಿಗೆ ಬೇಗ ಸಾಯುತ್ತದೆ. ಅದಕ್ಕೇ ನೆಲದಿಂದ ಮರದವರೆಗೆ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೆ ಓಡಾಡುತ್ತದೆ. ನೀವು ಒರೆಸಿದ್ದು ಆ ದಾರಿಯನ್ನು; ಸೀಮೆಎಣ್ಣೆ ಕೊಂದದ್ದು ಅದು ತಗುಲಿದ ಹುಳುಗಳನ್ನು. ಗೂಡು ಹಾಗೆಯೇ ಉಳಿದಿದೆ.

ಇನ್ನು ಮಂಚದ ಪುಡಿ. ಇದನ್ನೂ ಗೆದ್ದಲೆಂದು ತಿಳಿಯುವುದು ಸಹಜ. ಆದರೆ ಮರದಲ್ಲಿ ಸಣ್ಣ ದುಂಡು ತೂತುಗಳಿದ್ದು ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳುವಿನ ಕೆಲಸ. ಅದು ಮರದೊಳಗೇ ಬೆಳೆಯುವುದರಿಂದ ಮಂಚಕ್ಕೆ ಮಾತ್ರ ಔಷಧಿ ಸಾಕು: ಮರಕ್ಕೆ ಬಳಸುವ ಕೀಟನಾಶಕವನ್ನು ಸಿರಿಂಜಿನಿಂದ ತೂತುಗಳಿಗೆ ಬಿಟ್ಟು ಮೇಣದಿಂದ ಮುಚ್ಚಿ.

ಚೌಕಟ್ಟಿನ ಗೆದ್ದಲಿಗೆ ಮಣ್ಣಿನಲ್ಲೇ ಔಷಧಿ ಸೇರಬೇಕು. ಕಟ್ಟಿದ ಮನೆಗಳಿಗೆ ಇದನ್ನು ಮಾಡುವ ಕ್ರಮ ಭಾರತೀಯ ಮಾನಕ ಐಎಸ್ 6313ರ 3ನೇ ಭಾಗದಲ್ಲಿದೆ. ಗೋಡೆ ಮತ್ತು ನೆಲ ಕೂಡುವಲ್ಲಿ ಸುಮಾರು 30 ಸೆಂ.ಮೀ.ಗೊಂದರಂತೆ 12 ಮಿ.ಮೀ. ಅಗಲದ ತೂತು ಕೊರೆದು, ಪ್ರತಿಯೊಂದಕ್ಕೂ ಹೆಚ್ಚೆಂದರೆ 1 ಲೀಟರ್ ದ್ರಾವಣ ಇಳಿಸಿ, ಸಿಮೆಂಟಿನಿಂದ ಮುಚ್ಚುತ್ತಾರೆ. ಇಮಿಡಾಕ್ಲೋಪ್ರಿಡ್ ಬಳಸಿದರೆ ಒಂದು ಅನುಕೂಲವಿದೆ: ಗೆದ್ದಲಿಗೆ ಅದರ ಸುಳಿವು ಸಿಗುವುದಿಲ್ಲ. ಔಷಧಿ ಬಿದ್ದ ಮಣ್ಣಿನಲ್ಲಿ ಓಡಾಡಿದ ಹುಳು ಒಂದನ್ನೊಂದು ಮುಟ್ಟಿ, ನೆಕ್ಕಿ ಉಳಿದವಕ್ಕೂ ವಿಷ ಹರಡುತ್ತದೆ. ಈ ಕೆಲಸವನ್ನು ತರಬೇತಿ ಪಡೆದವರಿಂದಲೇ ಮಾಡಿಸಿ. ಮನೆಯ ಹತ್ತಿರ ಬಾವಿ ಇದ್ದರೆ ಮೊದಲೇ ಅವರಿಗೆ ತಿಳಿಸಿ. ನೀರಿಗೆ ವಿಷ ಸೇರಬಾರದು. ಅವರು ಬರುವವರೆಗೆ ಮಣ್ಣಿನ ಕೊಳವೆಯನ್ನು ಒರೆಸಬೇಡಿ. ಹುಳು ಎಲ್ಲಿಂದ ಏರುತ್ತಿದೆ ಎಂದು ತೋರಿಸುವುದು ಅದೇ.

ಮತ್ತೆ ಬರದಂತೆ ತಡೆಯಲು ಗೆದ್ದಲಿಗೆ ಬೇಕಾದ ತೇವ ಮತ್ತು ಮೇವು ಎರಡನ್ನೂ ತಪ್ಪಿಸಿ. ಸೋರುವ ನಲ್ಲಿ, ಒಡೆದ ಪೈಪು ಸರಿಮಾಡಿಸಿ. ಸೌದೆ, ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗೆ ತಾಗಿಸಿ ಇಡಬೇಡಿ. ಅಂಗಳದಲ್ಲಿ ಹೂತುಹೋದ ಮರದ ಬೊಡ್ಡೆ, ಸೆಂಟ್ರಿಂಗ್ ಹಲಗೆಯ ಚೂರುಗಳಿದ್ದರೆ ತೆಗೆಸಿ. ಮುಂದೆ ಕೋಣೆ ಸೇರಿಸಿ ಕಟ್ಟುವುದಾದರೆ ನೆಲಕ್ಕೆ ಕಾಂಕ್ರೀಟ್ ಹಾಕುವ ಮೊದಲೇ ಮಣ್ಣಿಗೆ ಔಷಧಿ ಮಾಡಿಸಿ. ಆಗ ಖರ್ಚೂ ಕಡಿಮೆ, ಫಲವೂ ಹೆಚ್ಚು. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಎಲ್ಲ ಚೌಕಟ್ಟುಗಳನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ತಡಮಾಡದೆ ಪರೀಕ್ಷೆ ಮಾಡಿಸಿ.