ಪೆಟ್ಟಿಗೆ ಮನೆಯದು, ಲೆಕ್ಕ ಸಂಘದ್ದು

ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಮಾತು ನಮ್ಮ ಪಂಚಾಯಿತಿಯ ಸಂಜೀವಿನಿ ಒಕ್ಕೂಟಕ್ಕೆ ಬಂದಾಗ ಅದರ ಬೆನ್ನಿಗೇ ಒಂದು ಅಂದಾಜು ಪಟ್ಟಿಯೂ ಬಂದಿತ್ತು. ಪಿವಿಸಿ ಪೈಪು, ಮೋಟಾರು, ನೆರಳು ಪರದೆ, ಅದಕ್ಕೆಲ್ಲ ಸಂಘದ ಹೆಸರಲ್ಲಿ ಸಾಲ. ಒಕ್ಕೂಟದ ಪುಸ್ತಕ ಬರೆಯುವವಳು ನಾನು. ನನ್ನ ಕಣ್ಣು ಮೊದಲು ಹೋದದ್ದು ಸಾಲದ ಕಂತಿನ ಕಡೆಗೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ, ಇರುವುದು ಬೋರ್‌ವೆಲ್. ಕರೆಂಟು ಯಾವ ಹೊತ್ತಿಗೆ ಹೋಗುತ್ತದೋ ಹೇಳಲಾಗದು. ಪೈಪಿನಲ್ಲಿ ತೆಳುವಾಗಿ ನೀರು ಹರಿಸುವ ಪದ್ಧತಿಯಲ್ಲಿ ಬೇಸಿಗೆಯ ಮಧ್ಯಾಹ್ನ ಮೋಟಾರು ನಿಂತರೆ ಕೆಲವೇ ಗಂಟೆಗಳಲ್ಲಿ ಬೇರು ಒಣಗುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಹಾಗಾಗಿ ಮೋಟಾರೇ ಬೇಡದ ದಾರಿ ಹಿಡಿದೆವು. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರ ಹೆಸರಿನಲ್ಲೇ ಕರೆಯುವ ವಿಧಾನ ಅದು. ಮೀನಿನಂಗಡಿಯ ಹಳೆಯ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಕಪ್ಪು ಪ್ಲಾಸ್ಟಿಕ್ ಹಾಸಿ ಗೊಬ್ಬರದ ನೀರು ತುಂಬುವುದು. ಮುಚ್ಚಳಕ್ಕೆ ತೂತು, ತೂತಿನಲ್ಲಿ ತೆಂಗಿನ ನಾರಿನ ಪುಡಿ ತುಂಬಿದ ತೂತು ಲೋಟ, ಅದರಲ್ಲಿ ಸಸಿ. ಥರ್ಮಾಕೋಲ್ ಆದ್ದರಿಂದ ನೀರು ಬೇಗ ಕಾಯುವುದಿಲ್ಲ. ಒಳಗೆ ಕತ್ತಲಿದ್ದರೆ ಪಾಚಿಯೂ ಕಟ್ಟುವುದಿಲ್ಲ.

ಕೇಳಲು ಸುಲಭ. ಆದರೆ ಮೊದಲ ಸುತ್ತಿನಲ್ಲೇ ಒಂದು ಮನೆಯ ಪಾಲಕ್ ಜೋತುಬಿತ್ತು. ವಿಚಾರಿಸಿದರೆ, ಆ ಮನೆಯ ಅತ್ತೆ ಮುಚ್ಚಳ ಎತ್ತಿ ನೋಡಿ, ನೀರು ಅರ್ಧಕ್ಕಿಳಿದಿದೆ, "ಪಾಪ, ಬಾಯಾರಿದೆ ಕಣಮ್ಮ" ಎಂದು ಒಂದು ಕೊಡ ನೀರು ಸುರಿದಿದ್ದರು. ನೀರು ಇಳಿದಂತೆ ಖಾಲಿಯಾಗುವ ಜಾಗದಲ್ಲಿ ಮೇಲಿನ ಬೇರುಗಳು ಗಾಳಿ ಕುಡಿಯಲು ಒಗ್ಗಿಕೊಳ್ಳುತ್ತವೆ. ಅವನ್ನು ಮತ್ತೆ ಮುಳುಗಿಸಿದರೆ ಉಸಿರು ಕಟ್ಟುತ್ತದೆ. ಮಣ್ಣಲ್ಲಿ ಬೇಸಾಯ ಮಾಡಿ ಬಂದವರಿಗೆ ಇದನ್ನು ಬಾಯಲ್ಲಿ ಹೇಳಿ ಒಪ್ಪಿಸಲಾಗದು. ಎರಡು ಬೇರು ಕಿತ್ತು ಅಂಗೈ ಮೇಲಿಟ್ಟು ತೋರಿಸಿದೆವು: ಮೇಲಿನದು ಬಿಳಿ, ನೂಲು ನೂಲಾಗಿ, ಮುಳುಗಿದ್ದು ಕಂದಾಗಿ ಲೋಳೆ. ಈಗ ಹೊಸಬರಿಗೆ ಅದನ್ನು ಕಲಿಸುವುದು ಆ ಅತ್ತೆಯವರೇ, ನನಗಿಂತ ಚೆನ್ನಾಗಿ ಕಲಿಸುತ್ತಾರೆ.

ಇನ್ನೊಂದು ತೊಡಕು ನೀರಿನದೇ. ಸೊಪ್ಪಿಗೆ ಗೊಬ್ಬರದ ನೀರಿನ ಇಸಿ, ಅಂದರೆ ಕರಗಿದ ಲವಣದ ಅಳತೆ, 1.2ರಿಂದ 1.8ರ ಒಳಗೆ, ಪಿಎಚ್ 5.5ರಿಂದ 6.5ರ ನಡುವೆ ಇದ್ದರೆ ಒಳ್ಳೆಯದು. ನಮ್ಮ ಬೋರಿನ ಗಡಸು ನೀರು ಏನೂ ಬೆರೆಸುವ ಮುನ್ನವೇ 1 ದಾಟುತ್ತದೆ, ಆ ಲೆಕ್ಕದಲ್ಲಿ ಗೊಬ್ಬರಕ್ಕೆ ಉಳಿಯುವ ಜಾಗ ಕಮ್ಮಿ. ಸೂರಿನ ಮಳೆನೀರಿಗೆ ಡ್ರಮ್ಮು ಇಟ್ಟು, ಅದನ್ನು ಬೋರಿನ ನೀರಿಗೆ ಬೆರೆಸಿದ ಮೇಲೆಯೇ ಎಲೆ ಹಸಿರಾದದ್ದು. ಡ್ರಮ್ಮು ಕಂಡು ಆಶಾ ಕಾರ್ಯಕರ್ತೆ ಡೆಂಗ್ಯೂ ಎಂದು ಗದರಿದರು, ಅವರದೂ ಸರಿ. ಡ್ರಮ್ಮಿಗೂ ಪೆಟ್ಟಿಗೆಗೂ ಸೊಳ್ಳೆ ಪರದೆ ಬಿಗಿದೆವು.

ಎಲ್ಲ ಪೆಟ್ಟಿಗೆ ಒಂದೇ ಶೆಡ್ಡಿನಲ್ಲಿರಲಿ, ಸರದಿ ಮೇಲೆ ನೋಡಿಕೊಳ್ಳಿ ಎಂದು ಸಲಹೆ ಕೊಟ್ಟವರಿದ್ದರು. ಫೋಟೋಕ್ಕೆ ಅದು ಚೆಂದ. ನಮ್ಮೂರ ಹೆಂಗಸರು ಡೇರಿಯ ನ್ಯಾಯ ಹಿಡಿದರು: ಹಸು ಅವರವರ ಕೊಟ್ಟಿಗೆಯಲ್ಲಿ, ಹಾಲು ಮಾತ್ರ ಒಂದೇ ಕ್ಯಾನಿಗೆ. ಪೆಟ್ಟಿಗೆ ಅವರವರ ಜಗುಲಿಯಲ್ಲಿ; ಗೊಬ್ಬರ ತರುವುದು, ಅಳೆಯುವುದು, ಮಾರುವುದು ಸಂಘ. ಕ್ಯಾಲ್ಸಿಯಂ ನೈಟ್ರೇಟನ್ನು ಉಳಿದ ಗೊಬ್ಬರದ ಗಟ್ಟಿ ದ್ರಾವಣಕ್ಕೆ ನೇರ ಸುರಿದರೆ ಬಿಳಿ ಗಸಿ ಇಳಿದು ವ್ಯರ್ಥವಾಗುತ್ತದೆ, ಅದಕ್ಕೆ ಎರಡು ಬೇರೆ ಕ್ಯಾನು, ಎರಡು ಬಣ್ಣದ ಮುಚ್ಚಳ. ಅಕ್ಷರ ಬಾರದವರೂ ತಪ್ಪುವುದಿಲ್ಲ. ಇಸಿ, ಪಿಎಚ್ ಅಳೆಯುವ ಮೀಟರು ಹಿಡಿಯಲು ಮೊದಮೊದಲು ಮನೆಯ ಗಂಡುಮಕ್ಕಳು ಮುಂದೆ ಬಂದರು. ಸದಸ್ಯೆಯರೇ ಅಳೆಯಬೇಕು ಎಂದು ನಡಾವಳಿಯಲ್ಲೇ ಬರೆದುಬಿಟ್ಟೆ. ಮೊಬೈಲಿನಲ್ಲಿ ನಂಬರು ಒತ್ತುವವರಿಗೆ ಮೀಟರಿನ ಅಂಕಿ ಓದುವುದೇನು ಕಷ್ಟ?

ದುಡ್ಡಿನ ವಿಚಾರಕ್ಕೆ ಇನ್ನೂ ಬಿಗಿ ಬೇಕಾಯಿತು. ಸೊಪ್ಪು ಕೊಳ್ಳುವ ಅಂಗಡಿಯವರು ಫೋನಿನಲ್ಲಿ ಹಣ ಹಾಕುತ್ತೇವೆ ಎಂದರು. ಎಷ್ಟೋ ಮನೆಗಳಲ್ಲಿ ಫೋನು ಗಂಡನ ಜೇಬಿನಲ್ಲಿರುತ್ತದೆ. ಅದಕ್ಕೆ ಸಂಘದ ಖಾತೆಗೆ ಕ್ಯೂಆರ್ ಮಾಡಿಸಿದೆವು. ವಾರದ ಸಭೆಯಲ್ಲಿ ಎಲ್ಲರೆದುರು ಲೆಕ್ಕ ಓದಿ, ಉಳಿತಾಯ ಹಿಡಿದು, ಮಿಕ್ಕಿದ್ದನ್ನು ಕೈಗೆ ಕೊಡುತ್ತೇವೆ. ಮನೆಯಲ್ಲಿ ಕೇಳಿದರೆ "ಸಂಘದಲ್ಲಿ ಹಿಡಿದುಕೊಂಡರು" ಎನ್ನಲು ಒಂದು ನೆಪವೂ ಸಿಕ್ಕಿತು. ಬ್ಯಾಂಕಿನ ತರಬೇತಿಯಲ್ಲಿ ಈ ನೆಪದ ಬೆಲೆ ಯಾರೂ ಹೇಳಿಕೊಟ್ಟಿರಲಿಲ್ಲ.

ಏನು ಬೆಳೆಯಬೇಕು ಎಂಬುದಕ್ಕೆ ನನ್ನದು ಖಡಾಖಂಡಿತ ಅಭಿಪ್ರಾಯ. ಬೆಂಗಳೂರಿನ ಹೋಟೆಲಿಗೆ ಲೆಟಿಸ್ ಬೆಳೆಯಿರಿ ಎನ್ನುವವರು, ಹೋಟೆಲು ಬೇಡವೆಂದ ದಿನ ಅದನ್ನು ಬಂದು ತಿನ್ನುವುದಿಲ್ಲ. ದಂಟು, ಪಾಲಕ್, ಮೆಂತ್ಯವಾದರೆ ಮಿಕ್ಕಿದ್ದು ಮಸ್ಸೊಪ್ಪಿಗಾದರೂ ಆಗುತ್ತದೆ. ಹಾಗೆಂದು ಹೊಲದ ಸೊಪ್ಪಿನೊಂದಿಗೆ ಪೈಪೋಟಿಗಿಳಿದರೆ ಗೊಬ್ಬರದ ದುಡ್ಡೂ ಹುಟ್ಟುವುದಿಲ್ಲ. ಮಳೆಗಾಲದಲ್ಲಿ ಹೊಲಗಳಲ್ಲಿ ಸೊಪ್ಪು ಸುರಿದಿರುವಾಗ ಪೆಟ್ಟಿಗೆ ತೊಳೆದು ಮಗುಚಿಟ್ಟು, ಡ್ರಮ್ಮುಗಳನ್ನು ತುಂಬಿಕೊಳ್ಳುತ್ತೇವೆ. ಬೀಜ ಹಾಕುವುದು ಶಿವರಾತ್ರಿಯ ಹೊತ್ತಿಗೆ. ಯುಗಾದಿಗೆ ಕೊಯ್ಲು, ಅಲ್ಲಿಂದ ಮುಂಗಾರಿನವರೆಗೆ ಸೊಪ್ಪಿನ ಕಟ್ಟಿಗೆ ಒಳ್ಳೆಯ ಬೆಲೆ.