ಸೂಜಿ ಒಗ್ಗದ ಹಣೆಗೆ

ಬೀದರ್‌ನಲ್ಲಿ ಚರ್ಮದ ಡಾಕ್ಟರಾಗಿ ಕೂತು ಬಹಳ ವರ್ಷವಾಯಿತು. ವಾರಕ್ಕೊಮ್ಮೆ ಭಾಲ್ಕಿ, ತಿಂಗಳಿಗೆ ಎರಡು ಸಲ ಔರಾದ್. ಮೊದಲೆಲ್ಲ ಗಜಕರ್ಣ, ಕಜ್ಜಿ, ಬಂಗು ಇಷ್ಟೇ ಬರುತ್ತಿತ್ತು. ಈಗ ಹೈದರಾಬಾದಿಗೆ ಹೋಗಿ ಹಣೆಗೆ ಸೂಜಿ ಹಾಕಿಸಿಕೊಂಡವರೂ ಬರುತ್ತಾರೆ. ಕೆಲವರು ಕುರ್ಚಿ ಎಳೆಯುವ ಮೊದಲೇ ಹೇಳುತ್ತಾರೆ: "ಮೇಡಂ, ನನಗ ಬೊಟಾಕ್ಸ್ ಅಲರ್ಜಿ ಅದ. ಬ್ಯಾರೆ ಏನಾರ ಹೇಳ್ರಿ." ಅಂಥವರಿಂದ ಕಲಿತದ್ದು ಇದು.

1. ಅಲರ್ಜಿ ಅಂದದ್ದೆಲ್ಲ ಅಲರ್ಜಿಯಲ್ಲ

ಏನಾಯಿತು, ಸೂಜಿಯಾಗಿ ಎಷ್ಟು ಹೊತ್ತಿಗೆ ಆಯಿತು? ಮೊದಲ ಪ್ರಶ್ನೆ ಇದೇ. ಚುಚ್ಚಿದಲ್ಲಿ ನೀಲಿಗಟ್ಟುವುದು, ಎರಡು ದಿನ ತಲೆನೋವು, ವಾರದ ಮೇಲೆ ರೆಪ್ಪೆ ಜೋಲುವುದು ಅಡ್ಡಪರಿಣಾಮ, ಅಷ್ಟೆ. ನಿಮಿಷಗಳಲ್ಲೋ ಕೆಲವು ಗಂಟೆಗಳಲ್ಲೋ ಮೈಮೇಲೆ ಗಂಧೆ ಎದ್ದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ ಅದು ಅಲರ್ಜಿ. ಅಂಥವರು ಆ ಸೂಜಿಯ ತಂಟೆಗೆ ಮತ್ತೆ ಹೋಗಬಾರದು.

ಭಾಲ್ಕಿಯ ಶಿಕ್ಷಕಿಯೊಬ್ಬರಿಗೆ ಸೂಜಿಯಾದ ಮೂರನೇ ದಿನ ಹಣೆ ಕೆಂಪಾಗಿ ತುರಿಸಿತ್ತು. ಫೋನಿನಲ್ಲಿದ್ದ ಫೋಟೋ ದೊಡ್ಡದು ಮಾಡಿ ನೋಡಿದೆ. ಕೆಂಪು ಇದ್ದದ್ದು ಕೂದಲಿನ ಅಂಚಿಗೆ, ಪಟ್ಟಿಯಂತೆ. ಕಿವಿಯ ಹಿಂದೆಯೂ ಅದೇ ಪಟ್ಟಿ. ಅಲ್ಲಿಗೆ ಯಾರೂ ಸೂಜಿ ಹಾಕಿರಲಿಲ್ಲ. ಅದೇ ವಾರ ತಂಗಿಯ ಮದುವೆಗೆಂದು ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡಿದ್ದರು. ಬಿಂದಿಯ ಅಂಟೂ ಕೆಲವರಿಗೆ ಹೀಗೇ ಕಾಡುತ್ತದೆ.

2. ನಿಜವಾದ ಅಲರ್ಜಿಗೆ ಸುಮ್ಮನೆ ಕಂಪನಿ ಬದಲಿಸಬೇಡಿ

ಸೀಸೆಯಲ್ಲಿ ಬೊಟುಲಿನಮ್ ಟಾಕ್ಸಿನ್ ಒಂದೇ ಇರುವುದಿಲ್ಲ. ಬೊಟಾಕ್ಸ್‌ನಲ್ಲಿ ಮನುಷ್ಯರ ರಕ್ತದಿಂದ ತೆಗೆದ ಆಲ್ಬುಮಿನ್ ಇರುತ್ತದೆ. ಇನ್ನೊಂದು ಕಂಪನಿಯ ಡಿಸ್ಪೋರ್ಟ್‌ನಲ್ಲಿ ಲ್ಯಾಕ್ಟೋಸ್ ಇರುತ್ತದೆ; ಅದರ ಜತೆ ಹಾಲಿನ ಪ್ರೋಟೀನ್ ಚೂರು ಸೇರಿರಬಹುದಾದ್ದರಿಂದ ಹಸುವಿನ ಹಾಲಿನ ಪ್ರೋಟೀನಿಗೆ ಅಲರ್ಜಿ ಇದ್ದವರಿಗೆ ಅದು ನಿಷಿದ್ಧ. ಹಾಲು ಕುಡಿದರೆ ಹೊಟ್ಟೆ ಉಬ್ಬುವುದು ಬೇರೆ ಮಾತು. ಇಷ್ಟು ಕೇಳಿದ ಕೂಡಲೇ "ಹಂಗಾದ್ರ ಬ್ಯಾರೆ ಕಂಪನಿದು ಹಾಕ್ರಿ" ಅನ್ನುತ್ತಾರೆ. ಎರಡರೊಳಗೂ ಇರುವುದು ಅದೇ ಎ ಮಾದರಿಯ ವಿಷ. ಅಲರ್ಜಿ ತಜ್ಞರು ಪರೀಕ್ಷಿಸಿ ಬರೆದುಕೊಡದೆ ನಾನು ಮುಟ್ಟುವುದಿಲ್ಲ.

3. ಹಣೆಗಿಂತ ಮೊದಲು ಕಣ್ಣು

1987ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಜೀನ್ ಕರುಥರ್ಸ್ ಎಂಬ ಕಣ್ಣಿನ ಡಾಕ್ಟರು ರೆಪ್ಪೆ ಸೆಳೆತಕ್ಕೆ ಈ ಸೂಜಿ ಕೊಡುತ್ತಿದ್ದಾಗ ಹುಬ್ಬಿನ ನಡುವಿನ ಗೆರೆ ಮಾಯವಾದದ್ದನ್ನು ಗಮನಿಸಿದರು. ಸುಕ್ಕಿನ ಈ ವ್ಯಾಪಾರವೆಲ್ಲ ಶುರುವಾದದ್ದೇ ಕಣ್ಣಿನ ದವಾಖಾನೆಯಿಂದ. ನಾನೂ ಅಲ್ಲಿಂದಲೇ ಶುರುಮಾಡುತ್ತೇನೆ.

ನಮ್ಮೂರಿನ ಬಿದರಿ ಕುಶಲಕರ್ಮಿಯೊಬ್ಬರನ್ನು ಮಗಳು ಕರೆತಂದಿದ್ದಳು. ಐವತ್ತರ ಆಸುಪಾಸು. ಹಣೆಯ ಮೇಲೆ ನಾಲ್ಕು ಆಳವಾದ ಗೆರೆ. ಚೀಟಿ ಕೈಗೆ ಕೊಟ್ಟು ಓದಲು ಹೇಳಿದೆ. ತೋಳು ಪೂರ್ತಿ ಚಾಚಿ, ಹುಬ್ಬು ಮೇಲಕ್ಕೆತ್ತಿ, ಕಣ್ಣರಳಿಸಿ ನೋಡಿದರು. ಗೆರೆ ನಾಲ್ಕೂ ಎದ್ದು ನಿಂತವು. ಕನ್ನಡಕವಿಲ್ಲದೆ ಬೆಳ್ಳಿ ತಂತಿ ಕೂರಿಸುತ್ತಿದ್ದ ಮನುಷ್ಯ ದಿನವಿಡೀ ಮಾಡುತ್ತಿದ್ದದ್ದು ಇದನ್ನೇ. ಓದುವ ಕನ್ನಡಕ ಬರೆಸಿದೆ. ದೀಪಾವಳಿಗೆ ಬಂದಾಗ ಗೆರೆ ಇದ್ದವು, ಆದರೆ ಎರಡು ಮಾತ್ರ ಹುಡುಕದೆ ಕಾಣುತ್ತಿದ್ದವು.

ವಯಸ್ಸಾದವರಲ್ಲಿ ಇನ್ನೊಂದುಂಟು. ರೆಪ್ಪೆ ಜೋತಿದ್ದರೆ ಅದನ್ನು ಎತ್ತಿ ಹಿಡಿದಿರುವುದೇ ಹಣೆಯ ಸ್ನಾಯು. ಆ ಸ್ನಾಯು ಸಡಿಲಾದರೆ ಕಣ್ಣೇ ಮುಚ್ಚಿದಂತಾಗುತ್ತದೆ. ಅಲರ್ಜಿ ಇಲ್ಲದಿದ್ದರೂ ಅಂಥವರಿಗೆ ಸೂಜಿ ಬೇಡ.

4. ರುಮಾಲಿನ ಗೆರೆ

ಔರಾದ್ ಕಡೆಯ ತೊಗರಿ ಬೆಳೆಯುವ ಮುದುಕರು ರುಮಾಲು ತೆಗೆದಾಗ ನೋಡಬೇಕು. ಮೇಲಿನ ಎರಡು ಬೆರಳು ಹಣೆ ತಿಳಿ, ನುಣುಪು. ಕೆಳಗೆ ಬಿರುಕುಬಿಟ್ಟ ಎರೆಹೊಲ. ವಯಸ್ಸು ಎರಡಕ್ಕೂ ಒಂದೇ, ಬಿಸಿಲು ಮಾತ್ರ ಬೇರೆ. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ. ಹೊಲಕ್ಕೆ ಹೋಗುವವರಿಗೆ ರುಮಾಲು, ಸೆರಗೇ ಸಾಕು. ಹುಬ್ಬಿಗೆ ತಾಗುವಷ್ಟು ಕೆಳಗೆಳೆಯಿರಿ.

5. ಟ್ರೆಟಿನಾಯಿನ್ ಮತ್ತು ವಿಭೂತಿ

ಮುಲಾಮುಗಳಲ್ಲಿ ನಾನು ನಂಬುವುದು ಟ್ರೆಟಿನಾಯಿನ್ ಒಂದನ್ನೇ. ಶೇಕಡಾ 0.025ರಿಂದ ಶುರು, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ಮೊದಮೊದಲು ವಾರಕ್ಕೆ ಎರಡೇ ರಾತ್ರಿ. ಫಲ ಕಾಣಲು ನಾಲ್ಕಾರು ತಿಂಗಳು ಬೇಕು. ಬಸುರಿಯರಿಗೆ ಕೊಡುವುದಿಲ್ಲ.

ಮೊದಲ ವಾರಗಳಲ್ಲಿ ಚರ್ಮ ಸುಲಿಯುತ್ತದೆ. ಅದರ ಮೇಲೆ ಒಣ ವಿಭೂತಿ ತಿಕ್ಕಿದರೆ ಉರಿ. ಆದರೆ ಭಾಲ್ಕಿಯಲ್ಲಿ ಕೂತು ವಿಭೂತಿ ಬಿಡ್ರಿ ಅಂದರೆ ಜನ ಔಷಧಿಯನ್ನೇ ಬಿಡುತ್ತಾರೆ! ಬೆಳಗ್ಗೆ ಮಾಯಿಶ್ಚರೈಸರ್ ಹಚ್ಚಿ, ಹತ್ತು ನಿಮಿಷ ಬಿಟ್ಟು ತೆಳುವಾಗಿ ಧರಿಸಿ ಅನ್ನುತ್ತೇನೆ. ಕೇಳುತ್ತಾರೆ.

ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟಿರಾಯ್ಡ್ ಮುಲಾಮು ಮಾತ್ರ ಬೇಡವೇ ಬೇಡ. ಹದಿನೈದು ದಿನ ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ ನರ ಕಾಣುತ್ತದೆ.

6. ಬೇಸಿಗೆಯಲ್ಲಿ ಪೀಲ್ ಮಾಡಬಾರದು

ಇದು ನನ್ನದೇ ತಪ್ಪು. ಯುಗಾದಿ ಮುಗಿದ ವಾರ ಔರಾದಿನ ಹೆಣ್ಣುಮಗಳೊಬ್ಬಳಿಗೆ ಗ್ಲೈಕಾಲಿಕ್ ಆಮ್ಲ ಹಚ್ಚಿ ಮೇಲ್ಚರ್ಮ ಸುಲಿಸುವ ಪೀಲ್ ಮಾಡಿದೆ. ಮರುದಿನವೇ ಹೊಲಕ್ಕೆ ಹೋದಳು. ಹೋಗದೆ ಏನು ಮಾಡುತ್ತಾಳೆ, ಅದನ್ನು ಕೇಳಬೇಕಿದ್ದವಳು ನಾನು. ಹಣೆಯ ಮೇಲೆದ್ದ ಕಪ್ಪು ಕಲೆ ಹೋಗಲು ಎಂಟು ತಿಂಗಳು ಹಿಡಿಯಿತು. ಗೆರೆ ಹಾಗೇ ಇತ್ತು. ಈಗ ಪೀಲ್, ಮೈಕ್ರೋನೀಡ್ಲಿಂಗ್, ಲೇಸರ್ ಏನಿದ್ದರೂ ದಸರೆಯಿಂದ ಶಿವರಾತ್ರಿಯೊಳಗೆ. ನಮ್ಮ ಗೋಧಿಬಣ್ಣಕ್ಕೆ ಲೇಸರ್ ಕಡಿಮೆ ಶಕ್ತಿಯಲ್ಲಿ, ಹೆಚ್ಚು ಸಲ. ಹುಬ್ಬು ಸಡಿಲ ಬಿಟ್ಟಾಗಲೂ ಉಳಿಯುವ ಗೆರೆಗೆ ಇವು ಸ್ವಲ್ಪ ಕೆಲಸ ಮಾಡುತ್ತವೆ. ಹುಬ್ಬೆತ್ತಿದಾಗ ಮಾತ್ರ ಮೂಡುವ ಗೆರೆಗೆ ದುಡ್ಡು ದಂಡ.

7. ಫಿಲ್ಲರ್

ಗೆರೆ ತುಂಬಲು ಚುಚ್ಚುವ ಫಿಲ್ಲರನ್ನು ಹಣೆಗೆ ನಾನು ಹಾಕುವುದಿಲ್ಲ. ಅಲ್ಲಿನ ರಕ್ತನಾಳಗಳು ಕಣ್ಣಿನ ರಕ್ತನಾಳದ ಜತೆ ಕೂಡಿವೆ. ಒಂದು ಹನಿ ತಪ್ಪು ನಾಳ ಸೇರಿದರೆ ದೃಷ್ಟಿ ಹೋಗಬಹುದು. ಹುಬ್ಬೇ ಇಳಿದಿದ್ದರೆ ಶಸ್ತ್ರಚಿಕಿತ್ಸೆ ಇದೆ, ಪ್ಲಾಸ್ಟಿಕ್ ಸರ್ಜನ್ ಬಳಿ ಕಳಿಸುತ್ತೇನೆ. "ಸೂಜಿಯಿಲ್ಲದ ಬೊಟಾಕ್ಸ್" ಎಂದು ಮಾರುವ ಪೆಪ್ಟೈಡ್ ಕ್ರೀಮಿನಿಂದ ಚರ್ಮ ಮೆತ್ತಗಾದೀತು, ಸೂಜಿಯ ಕೆಲಸ ಆಗದು.

8. ಚೀಟಿ ಬರೆಸಿಕೊಳ್ಳಿ

ಅಲರ್ಜಿ ಖಚಿತವಾದರೆ ಹಾಕಿದ ಔಷಧಿಯ ಹೆಸರು, ಸೀಸೆಯ ಬ್ಯಾಚ್ ನಂಬರು, ಏನಾಯಿತೆಂಬುದನ್ನು ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ. ಇದೇ ಔಷಧಿಯನ್ನು ಹಳೆಯ ಮೈಗ್ರೇನಿಗೆ, ಲಕ್ವದ ನಂತರ ಬಿಗಿಯಾದ ಕೈಕಾಲಿಗೆ, ಮೂತ್ರಕೋಶದ ತೊಂದರೆಗೂ ಕೊಡುತ್ತಾರೆ. ಹತ್ತು ವರ್ಷದ ಮೇಲೆ ಯಾವುದೋ ಊರಿನ ನರರೋಗ ತಜ್ಞರಿಗೆ ನಿಮ್ಮ ಹಣೆಯ ಕಥೆ ಗೊತ್ತಿರುವುದಿಲ್ಲ. ಚೀಟಿ ತೋರಿಸಿ.